ಪ್ರೊಫೆಸರ್ ಕೆ.ವಿ. ಅಯ್ಯರ್

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ವೈಟ್‌ಫೀಲ್ಡಿನ ಸಮೀಪದಲ್ಲಿ ಪಟ್ಟಂದೂರು ಅಗ್ರಹಾರವೆಂಬ ಊರಿದೆ. ಅಗ್ರಹಾರವೆಂದರೆ ಅಧ್ಯಯನ, ಅಧ್ಯಾಪನಗಳಲ್ಲಿ ತೊಡಗಿದವರಿಗೆ ದತ್ತಿಯಾಗಿ ಬಿಟ್ಟ ಗ್ರಾಮ. ಈ ಪರಿಸರದಲ್ಲಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಕಾಡುಗೋಡಿಯಲ್ಲಿರುವ 11ನೆಯ ಶತಮಾನದ ಚೋಳರ ಕಾಲದ ಶಾಸನವು ತಿಳಿಸುತ್ತದೆ. ಆ ಕೆರೆಯ ಏರಿಗೆ ಮಣ್ಣು ಹೊತ್ತವರಿಗೆ ವ್ಯಾಯಾಮವೆಂಬ ಬೇರೊಂದು ಕೆಲಸದ ಅಗತ್ಯವಿದ್ದಿರಲಾರದು. 1990ರ ದಶಕದಲ್ಲಿ ಇದೇ ನೆಲದಲ್ಲಿ ತಂತ್ರಜ್ಞಾನದ ಭವನಗಳು ಎದ್ದವು. ಈಗ ಇಲ್ಲಿಗೆ ಬರುವ ಸಹಸ್ರಾರು ತರುಣ ತರುಣಿಯರು ದಿನದ ಬಹುಭಾಗವನ್ನು ಗಣಕಯಂತ್ರದ ಮುಂದೆ ಕುಳಿತೇ ಕಳೆಯುತ್ತಾರೆ. ಬುದ್ಧಿ ಓಡುತ್ತದೆ, ದೇಹ ಕುಳಿತಿರುತ್ತದೆ. ಕತ್ತು ಬಿಗಿದಾಗ, ಸೊಂಟ ಹಿಡಿದಾಗ ಅವರು ಅಂಗಚಲನೆಯನ್ನೇ ವಿದ್ಯೆಯಾಗಿ ಓದಿ ಪದವಿ ಪಡೆದವರನ್ನು ಅರಸಿಕೊಂಡು ಹೋಗುತ್ತಾರೆ.

ಅಂಗಚಲನೆಯನ್ನು ಕಾಲೇಜಿನಲ್ಲಿ ಕುಳಿತು ಓದುವುದೆಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಒಂದು ನೂರು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಪಟ್ಟಂದೂರು ಅಗ್ರಹಾರದಲ್ಲಿ 2023ರಲ್ಲಿ ತೆರೆದ ಮೆಟ್ರೊ ನಿಲ್ದಾಣದಲ್ಲಿ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದವರು ಕೆಲವೇ ಹೆಜ್ಜೆಗಳಲ್ಲಿ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯನ್ನು ತಲಪಬಹುದು. ಸಾಲುಸಾಲಾದ ಮರದ ಕಂಬಗಳ ಆ ಅರಮನೆಯ ಆವರಣದಲ್ಲಿ 1922ರ ಸುಮಾರಿಗೆ ತರುಣರೊಬ್ಬರು ವ್ಯಾಯಾಮಶಾಲೆಯನ್ನು ಆರಂಭಿಸಿದರು. ಅವರೇ ಕೋಲಾರದ ವೆಂಕಟೇಶ ಅಯ್ಯರ್. ನಾಡಿಗೆಲ್ಲ ಅವರು ಕೆ.ವಿ. ಅಯ್ಯರ್ ಎಂದೇ ಪರಿಚಿತರು.

ಅಯ್ಯರ್ ಅವರು ಹುಟ್ಟಿದ್ದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯ ದೇವರಾಯಸಮುದ್ರದಲ್ಲಿ. ಬಂಡೆಗಳ, ಬತ್ತಿದ ಕೆರೆಗಳ, ಬಯಲಿನ ನಾಡು ಅದು. ಬದುಕನ್ನರಸಿ ಬೆಂಗಳೂರಿಗೆ ಬರುವುದು ಆ ಕಡೆಯ ಅನೇಕ ಕುಟುಂಬಗಳ ದಾರಿ. ಅಯ್ಯರ್ ಅವರ ಕರ್ಮಭೂಮಿಯಾದದ್ದೂ ಬೆಂಗಳೂರೇ.

ದೇಹಬಲದ ಸಾಧನೆ ಬೆಂಗಳೂರಿಗೆ ಹೊಸದೇನೂ ಆಗಿರಲಿಲ್ಲ. ಪೇಟೆಯ ಗಲ್ಲಿಗಳಲ್ಲಿ ಗರಡಿಮನೆಗಳಿದ್ದವು. ಕೆಮ್ಮಣ್ಣಿನ ಅಖಾಡ, ಗೂಡಿನಲ್ಲಿ ಹನುಮಂತನ ಮೂರ್ತಿ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು; ಅಲ್ಲಿ ಹುಡುಗರು ಉಸ್ತಾದರ ಕಣ್ಣೆದುರಿಗೆ ದಂಡ ಹೊಡೆದು, ಬಸ್ಕಿ ತೆಗೆದು, ಸಾಮು ಮಾಡುತ್ತಿದ್ದರು. ಕರಗದ ವೀರಕುಮಾರರಿಗೂ ಗರಡಿಗಳಿಗೂ ಇರುವ ನಂಟು ಹಳೆಯದು. ಮೈಸೂರಿನಲ್ಲಿ ಜಟ್ಟಿಗಳು ದಸರೆಯ ವೇಳೆ ವಜ್ರಮುಷ್ಟಿ ಕಾಳಗವಾಡುತ್ತಿದ್ದರು. ಆದರೆ ಇವೆಲ್ಲ ಕುಲದಿಂದ, ಕೇರಿಯಿಂದ ಬಂದ ವಿದ್ಯೆಗಳು. ಶಾಲೆಗೆ ಹೋಗುವ ಮಧ್ಯಮ ವರ್ಗದ ಹುಡುಗ ಗರಡಿಯ ಕಡೆ ಮುಖ ಮಾಡಿದರೆ ಮನೆಯ ಹಿರಿಯರಿಗೆ ಸಮಾಧಾನವಿರುತ್ತಿರಲಿಲ್ಲ. ಮೈ ಬೆಳೆದರೆ ಬುದ್ಧಿ ಬೆಳೆಯದೆಂಬುದು ಒಂದು ಭಯ. ಪರೀಕ್ಷೆಯಲ್ಲಿ ನಪಾಸಾದಾನೆಂಬುದು ಇನ್ನೊಂದು. ಇತ್ತ ಓದಿದವರ ಪಾಡೋ, ಮೂವತ್ತಕ್ಕೇ ಬೆನ್ನು ಬಾಗಿ, ಕಣ್ಣು ಗುಳಿಬಿದ್ದು, ಕಚೇರಿಯಿಂದ ಮನೆಗೆ ನಡೆಯುವಷ್ಟರಲ್ಲೇ ಏದುಸಿರು ಬಿಡುವಂತಾಗಿತ್ತು. ಬಲ್ಲವನಿಗೆ ಬಲವಿಲ್ಲ, ಬಲವುಳ್ಳವನನ್ನು ಬಲ್ಲವನೆಂದು ಯಾರೂ ಎಣಿಸುವುದಿಲ್ಲ ಎಂಬ ಈ ಒಡಕನ್ನು ಮುಚ್ಚುವುದೇ ಅಯ್ಯರ್ ಅವರ ಜೀವಮಾನದ ಕೆಲಸವಾಯಿತು.

ಅವರ ಎಳವೆಯ ವೇಳೆಗೆ ಹೊರ ಜಗತ್ತಿನಲ್ಲಿ ಒಂದು ಹೊಸ ಗಾಳಿ ಬೀಸತೊಡಗಿತ್ತು. ಪ್ರಷ್ಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಯೂಜಿನ್ ಸ್ಯಾಂಡೋ ಎಂಬ ಬಲಶಾಲಿಯು ಭಾರ ಎತ್ತುವುದನ್ನು ಬರಿಯ ಸಂತೆಯ ತಮಾಷೆಯಾಗಿ ಬಿಡದೆ, ಪ್ರತಿಯೊಂದು ಸ್ನಾಯುವನ್ನೂ ಅಳತೆಯಿಟ್ಟು ಬೆಳೆಸುವ ಕ್ರಮವಾಗಿ ರೂಪಿಸಿದ್ದನು. 1904-05ರಲ್ಲಿ ಅವನು ಭಾರತದಲ್ಲಿಯೂ ಪ್ರದರ್ಶನಗಳನ್ನಿತ್ತು ಹೋದನು. ನಮ್ಮವರೇ ಆದ ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಅವರು ಎದೆಯ ಮೇಲೆ ಆನೆಯನ್ನು ನಿಲ್ಲಿಸಿಕೊಂಡು ಜನರನ್ನು ಬೆರಗುಗೊಳಿಸುತ್ತಿದ್ದರು. ಈ ಇಬ್ಬರ ಕೀರ್ತಿ ಆ ಪೀಳಿಗೆಯ ಭಾರತೀಯ ತರುಣರನ್ನು ಸೆಳೆಯಿತು. ಅನೇಕರು ಆನೆಯನ್ನು ಕಂಡು ಬೆರಗಾದರು. ಅದನ್ನು ಹೊತ್ತ ಎದೆಗೂಡಿನೊಳಗೆ ನಡೆಯುವುದೇನೆಂದು ವಿಚಾರಿಸಲು ಹೊರಟವರು ಕೆಲವರೇ. ಅಂಥ ಕೆಲವರಲ್ಲಿ ಅಯ್ಯರ್ ಒಬ್ಬರು.

ಅವರು ತಮ್ಮ ವ್ಯಾಯಾಮಶಾಲೆಗೆ ಗ್ರೀಕರ ಭೀಮಸೇನನೆನ್ನಬಹುದಾದ ಹರ್ಕ್ಯುಲಿಸನ ಹೆಸರನ್ನಿಟ್ಟರು. ಅಲ್ಲಿ ಡಂಬೆಲ್ಲು, ಬಾರ್‌ಬೆಲ್ಲುಗಳಿದ್ದವು. ಜೊತೆಗೆ ದಂಡ, ಬಸ್ಕಿ, ಸೂರ್ಯನಮಸ್ಕಾರ, ಯೋಗಾಸನಗಳೂ ಇದ್ದವು. ಪಶ್ಚಿಮದ್ದೆಂದು ಅವರು ಕಬ್ಬಿಣವನ್ನು ದೂರವಿಡಲಿಲ್ಲ; ಹಳೆಯದೆಂದು ಆಸನವನ್ನು ಕಡೆಗಣಿಸಲಿಲ್ಲ. ಹೊರಗಿನ ಸ್ನಾಯುಗಳಿಗೆ ಭಾರ, ಒಳಗಿನ ಅವಯವಗಳಿಗೆ ಹಠಯೋಗ ಎಂಬುದು ಸ್ಥೂಲವಾಗಿ ಅವರ ಪದ್ಧತಿ. 1930ರಲ್ಲಿ ಅವರ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಅವರ ಭಾವಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾದವು. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತ ಆ ಚಿತ್ರಗಳನ್ನು ನೋಡಿದರೆ ಹೊಟ್ಟೆಯ, ಭುಜದ ಒಂದೊಂದು ಸ್ನಾಯುವನ್ನೂ ಬೆರಳಿಟ್ಟು ಎಣಿಸಬಹುದು. ತಮ್ಮ ಅಂಗಸೌಷ್ಠವದ ಬಗೆಗೆ ಅವರಿಗಿದ್ದ ಹೆಮ್ಮೆ ಸಣ್ಣದಲ್ಲ. ಬರವಣಿಗೆಯಲ್ಲಿ ಅದು ಕೆಲವೊಮ್ಮೆ ಆತ್ಮಪ್ರಶಂಸೆಯ ಗಡಿಯನ್ನು ದಾಟಿದ್ದೂ ಉಂಟು. ಆದರೆ ತನ್ನ ದೇಹವನ್ನೇ ಪ್ರಯೋಗಶಾಲೆಯಾಗಿಯೂ ಸಾಕ್ಷ್ಯವಾಗಿಯೂ ಮಾಡಿಕೊಂಡವನಿಗೆ ತೋರಿಸಲು ಬೇರೆ ಪ್ರಮಾಣಪತ್ರ ಎಲ್ಲಿತ್ತು?

ಇಲ್ಲಿ ಒಂದು ವಿನೋದದ ಸಂಗತಿಯಿದೆ. ಜನರು ಅವರನ್ನು ಪ್ರೊಫೆಸರ್ ಅಯ್ಯರ್ ಎಂದು ಕರೆಯುತ್ತಿದ್ದರು. ಪುಸ್ತಕಗಳಲ್ಲಿಯೂ ಆ ಹೆಸರೇ ಬಂದಿತು. ಯಾವ ವಿಶ್ವವಿದ್ಯಾನಿಲಯವೂ ಕೊಟ್ಟ ಪದವಿಯಲ್ಲ ಅದು. ಅಂಗಸಾಧನೆಯ ಗುರುಗಳನ್ನು ಪ್ರೊಫೆಸರ್ ಎಂದು ಕರೆಯುವುದು ಆಗಿನ ರೂಢಿ, ರಾಮಮೂರ್ತಿಯವರೂ ಪ್ರೊಫೆಸರರೇ. ನಿಜಕ್ಕೂ ಆ ಕಾಲದ ಭಾರತದಲ್ಲಿ ಈ ವಿಷಯವನ್ನು ಪದವಿಗಾಗಿ ಓದುವ ಅವಕಾಶವೇ ಇರಲಿಲ್ಲ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಶಿಕ್ಷಕರು ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವತಿಯಿಂದ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದಿದ್ದರು. ಅಲ್ಲಿ ಶಾಲೆಗಳ ವ್ಯಾಯಾಮ ಶಿಕ್ಷಕರನ್ನು ತರಬೇತುಗೊಳಿಸುತ್ತಿದ್ದರು. ಮೂರು ವರ್ಷಗಳ ಸ್ನಾತಕ ಪದವಿಗಾಗಿ ದೇಶವು 1957ರವರೆಗೆ ಕಾಯಬೇಕಾಯಿತು. ಆ ವರ್ಷ, ಮೊದಲ ಸ್ವಾತಂತ್ರ್ಯ ಸಂಗ್ರಾಮದ ಶತಮಾನೋತ್ಸವದ ಸಂದರ್ಭದಲ್ಲಿ, ಝಾನ್ಸಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಗ್ವಾಲಿಯರಿನಲ್ಲಿ ಕಾಲೇಜು ಸ್ಥಾಪನೆಯಾಯಿತು. ಅಯ್ಯರ್ ಅವರ ವ್ಯಾಯಾಮಶಾಲೆಗೆ ಆಗಲೇ ಮೂವತ್ತೈದರ ವಯಸ್ಸು.

ಇಂತಹ ಪದವಿಯಲ್ಲಿ ಓದುವುದಾದರೂ ಏನನ್ನು? ಕುಣಿದು ಕುಪ್ಪಳಿಸುವುದಕ್ಕೆ ಪುಸ್ತಕವೇಕೆ ಎಂದು ಕೇಳುವವರು ಈಗಲೂ ಇದ್ದಾರೆ. ಒಂದು ಸಣ್ಣ ಉದಾಹರಣೆಯನ್ನು ನೋಡಬಹುದು. ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ ಅಂಗೈಯಲ್ಲಿ 5 ಕಿಲೋಗ್ರಾಂ ತೂಕದ ಗುಂಡನ್ನು ಹಿಡಿದು ನಿಲ್ಲಬೇಕು. ತೋಳಿನ ಮುಂಭಾಗದ ಸ್ನಾಯು ಮೊಣಕೈಯ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಅಂಟಿಕೊಂಡಿರುತ್ತದೆ. ಗುಂಡು ಅದೇ ಕೀಲಿನಿಂದ 32 ಸೆಂಟಿಮೀಟರ್ ದೂರದಲ್ಲಿದೆಯೆಂದು ಇಟ್ಟುಕೊಂಡರೆ, ಸನ್ನೆಕೋಲಿನ ನಿಯಮದ ಪ್ರಕಾರ ಸ್ನಾಯುವು ಗುಂಡಿನ ತೂಕದ 8 ಪಟ್ಟು, ಅಂದರೆ 40 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಕೈಯ ತೂಕವನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಇಷ್ಟೊಂದು ನಷ್ಟದ ವ್ಯಾಪಾರವನ್ನು ಪ್ರಕೃತಿ ಏಕೆ ಒಪ್ಪಿಕೊಂಡಿತೆಂದರೆ, ಸ್ನಾಯುವು ಒಂದಿಷ್ಟೇ ಕುಗ್ಗಿದರೂ ಅಂಗೈ ಎಂಟರಷ್ಟು ದೂರ, ಎಂಟರಷ್ಟು ವೇಗದಿಂದ ಚಲಿಸುತ್ತದೆ. ಕಲ್ಲೆಸೆಯುವುದೂ ಚೆಂಡೆಸೆಯುವುದೂ ಅದರಿಂದಲೇ ಸಾಧ್ಯ. ದೇಹದ ಅಂಗಗಳು ಸನ್ನೆಕೋಲುಗಳೆಂಬುದನ್ನು ಇಟಲಿಯ ಬೊರೆಲ್ಲಿ ಎಂಬ ಗಣಿತಜ್ಞನು 17ನೆಯ ಶತಮಾನದಲ್ಲಿಯೇ ವಿವರಿಸಿದ್ದನು. ಮೈಯಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಅವು ಎಳೆಯಬಲ್ಲವೇ ಹೊರತು ತಳ್ಳಲಾರವು. ಆದುದರಿಂದ ಮುಂದಿನದು ಕುಗ್ಗಿದಾಗ ಹಿಂದಿನದು ಸಡಿಲಗೊಳ್ಳಬೇಕು, ಹಿಂದಿನದು ಕುಗ್ಗಿದಾಗ ಮುಂದಿನದು. ಒಂದನ್ನಷ್ಟೇ ಬೆಳೆಸಿ ಜೊತೆಗಾರನನ್ನು ಮರೆತರೆ ಕೀಲು ಸೊಟ್ಟಗಾಗುತ್ತದೆ. ಅಂಗರಚನೆ, ಶರೀರಕ್ರಿಯೆ, ಭೌತವಿಜ್ಞಾನ, ರಸಾಯನವಿಜ್ಞಾನ, ಮನಶ್ಶಾಸ್ತ್ರ ಇವೆಲ್ಲವೂ ಇಲ್ಲಿ ಒಂದೆಡೆ ಸೇರುತ್ತವೆ.

ಅಯ್ಯರ್ ಅವರು ಶಾಲೆ ತೆರೆದ ಕಾಲವೂ ಈ ದೃಷ್ಟಿಯಿಂದ ಗಮನಾರ್ಹವಾದುದು. 1922ನೆಯ ಸಾಲಿನ ನೊಬೆಲ್ ಪಾರಿತೋಷಕವು ಸ್ನಾಯುವಿನ ಅಧ್ಯಯನಕ್ಕಾಗಿಯೇ ಇಬ್ಬರಿಗೆ ಸಂದಿತು. ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್ ಅವರು ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಉಷ್ಣವನ್ನು ಅಳೆದಿದ್ದರು. ಜರ್ಮನಿಯ ಆಟೊ ಮೇಯರ್‌ಹಾಫ್ ಅವರು ಸ್ನಾಯುವು ಬಳಸುವ ಆಮ್ಲಜನಕಕ್ಕೂ ಅದರೊಳಗಿನ ಲ್ಯಾಕ್ಟಿಕ್ ಆಮ್ಲಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದಿದ್ದರು. ಯೂರೋಪಿನ ಪ್ರಯೋಗಾಲಯಗಳಲ್ಲಿ ಕಪ್ಪೆಯ ಕಾಲಿನ ಮೇಲೆ ನಡೆದ ಈ ಪರೀಕ್ಷೆಗಳಿಗೂ ಕೋಟೆಯ ಹಳೆಯ ಅರಮನೆಯಲ್ಲಿ ಬೆವರು ಹರಿಸುವ ಹುಡುಗರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಅಯ್ಯರ್ ಅವರು ಬರೆದ ಇಂಗ್ಲಿಷ್ ಪುಸ್ತಕಗಳಲ್ಲಿ ವ್ಯಾಯಾಮದಿಂದ ದೇಹದೊಳಗೆ ಉಂಟಾಗುವ ರಾಸಾಯನಿಕ ಬದಲಾವಣೆಗಳನ್ನು ಕುರಿತದ್ದೂ ಒಂದಿದೆ. ಒಬ್ಬ ವ್ಯಾಯಾಮ ಶಿಕ್ಷಕರು ಇಂತಹ ವಿಷಯವನ್ನೆತ್ತಿಕೊಂಡು ಪುಸ್ತಕ ಬರೆದರೆಂಬುದೇ ಅವರ ಒಲವನ್ನು ಸ್ಪಷ್ಟಪಡಿಸುತ್ತದೆ. ಶಿಷ್ಯನು ಎಷ್ಟು ಭಾರ ಎತ್ತಿದನೆಂಬುದು ಮಾತ್ರವಲ್ಲ, ಏಕೆ ದಣಿದನೆಂಬುದೂ ಅವರಿಗೆ ತಿಳಿಯಬೇಕಾಗಿತ್ತು.

ಅವರ ಇನ್ನೊಂದು ಸಾಹಸ ಅಂಚೆಯ ಮೂಲಕ ವ್ಯಾಯಾಮ ಕಲಿಸಿದ್ದು. ದೂರದ ಊರುಗಳವರಿಗಾಗಿ ಅವರು ಪತ್ರಮುಖೇನ ಶಿಕ್ಷಣದ ವ್ಯವಸ್ಥೆಯನ್ನು ನಡೆಸಿದರು. ನೋಡಿದರೆ ಇದು ನಗೆ ತರಿಸುವ ಮಾತು. ಈಜುವುದನ್ನು ಕಾಗದದಲ್ಲಿ ಬರೆದು ಕಲಿಸಬಹುದೆ? ಆದರೆ ಯೋಚಿಸಿದಷ್ಟೂ ಇದರ ಮಹತ್ವ ತಿಳಿಯುತ್ತದೆ. ಗರಡಿಯ ಉಸ್ತಾದರು ಶಿಷ್ಯನ ಬೆನ್ನಿಗೊಂದು ಏಟು ಕೊಟ್ಟು ಭಂಗಿಯನ್ನು ತಿದ್ದಬಲ್ಲರು. ಕಣ್ಣಿಗೆ ಕಾಣದ ಶಿಷ್ಯನಿಗೆ ಕಲಿಸುವವರು ಮೊಣಕಾಲು ಎಲ್ಲಿರಬೇಕು, ಉಸಿರನ್ನು ಯಾವಾಗ ಒಳಗೆಳೆಯಬೇಕು, ಎಷ್ಟು ಸಲ ಮಾಡಿ ಎಲ್ಲಿ ನಿಲ್ಲಿಸಬೇಕು ಎಂಬ ಪ್ರತಿಯೊಂದನ್ನೂ ತಪ್ಪಿಗೆ ಎಡೆಯಿಲ್ಲದಂತೆ ಮಾತಿನಲ್ಲಿ ಹಿಡಿದಿಡಬೇಕು. ಮೈಗೆ ಗೊತ್ತಿದ್ದ ವಿದ್ಯೆ ಭಾಷೆಗೆ ಬಂದದ್ದು ಹೀಗೆ. ಭಾಷೆಗೆ ಬಂದ ವಿದ್ಯೆಯನ್ನು ಪರೀಕ್ಷಿಸಬಹುದು, ತಿದ್ದಬಹುದು, ಮುಂದಿನವರಿಗೆ ಒಪ್ಪಿಸಬಹುದು.

1937ರಲ್ಲಿ ಅವರ ಸೂರ್ಯನಮಸ್ಕಾರದ ಪುಸ್ತಕ ಹೊರಬಂದಿತು. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತರು ಅದಕ್ಕೆ ಮೊದಲೇ ಈ ವ್ಯಾಯಾಮವನ್ನು ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಬಳಕೆಗೆ ತರಲು ಬಹುವಾಗಿ ಶ್ರಮಿಸಿದ್ದರು. ಈಗ ಸೂರ್ಯನಮಸ್ಕಾರವನ್ನು ಯೋಗದ ಭಾಗವೆಂದೇ ಎಲ್ಲರೂ ತಿಳಿಯುತ್ತಾರೆ. ಆಗ ಅದನ್ನು ಸ್ವತಂತ್ರವಾದ ಒಂದು ವ್ಯಾಯಾಮವೆಂದೇ ಹಲವರು ಎಣಿಸುತ್ತಿದ್ದರು. ಅಯ್ಯರ್ ಅವರು ಅಂಗಸಾಧಕನ ದೃಷ್ಟಿಯಿಂದ ಅದನ್ನು ನೋಡಿದರು. ಯಾವ ಉಪಕರಣವೂ ಬೇಡ, ಒಂದು ಚಾಪೆಯಷ್ಟು ಜಾಗ ಸಾಕು. ಬೆನ್ನುಮೂಳೆ ಮುಂದಕ್ಕೂ ಹಿಂದಕ್ಕೂ ಬಾಗುತ್ತದೆ, ಕೈಕಾಲುಗಳು ಮೈಯ ಭಾರವನ್ನೇ ಹೊರುತ್ತವೆ. ಬಡವನೂ ಮಾಡಬಹುದಾದ ವ್ಯಾಯಾಮವಿದು.

ಯೋಗದ ಪುನರುತ್ಥಾನದ ಕಥೆಯಲ್ಲಿಯೂ ಅಯ್ಯರ್ ಅವರಿಗೆ ಸ್ಥಾನವಿದೆ. ಆಸನಗಳನ್ನು ಕುರಿತು ಪುಸ್ತಕ ಬರೆದ ಯೋಗಾಚಾರ್ಯ ಸುಂದರಂ ಅವರ ಒಡನಾಡಿ. ಇಬ್ಬರೂ ಜೊತೆಯಾಗಿ ಊರೂರುಗಳಲ್ಲಿ ಉಪನ್ಯಾಸ ಪ್ರದರ್ಶನಗಳನ್ನು ನಡೆಸಿದರು. ಒಬ್ಬರು ಸ್ನಾಯುಗಳ ಮೇಲಿನ ಹತೋಟಿಯನ್ನು ತೋರಿದರೆ ಇನ್ನೊಬ್ಬರು ಆಸನಗಳನ್ನು ತೋರುತ್ತಿದ್ದರು. ಅತ್ತ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದಾಗ, ಅದೇ ಆವರಣದಲ್ಲಿ ಅಯ್ಯರ್ ಅವರ ಶಿಷ್ಯರೊಬ್ಬರು ಅಂಗಸಾಧನೆಯನ್ನು ಕಲಿಸುತ್ತಿದ್ದರು. ಒಂದೇ ಛಾವಣಿಯ ನೆರಳಿನಲ್ಲಿ ಕಬ್ಬಿಣದ ಗುಂಡುಗಳೂ ಪದ್ಮಾಸನವೂ ಇದ್ದ ಆ ಕಾಲ ಸ್ವಾರಸ್ಯವಾದುದು. ನಾಲ್ವಡಿ ಕೃಷ್ಣರಾಜ ಒಡೆಯರು ಎರಡಕ್ಕೂ ಪೋಷಕರು. ಮಹಾರಾಜರ ಆರೋಗ್ಯಕ್ಕಾಗಿಯೂ ಅಯ್ಯರ್ ಅವರ ವಿದ್ಯೆ ಬಳಕೆಯಾಯಿತು. ಅವರ ಉದಾರ ನೆರವಿನಿಂದ ಬೆಂಗಳೂರಿನ ಈಗಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಗೆ ಹೊಸ ಕಟ್ಟಡ ದೊರೆಯಿತು. ಅದು ಸಿದ್ಧವಾದ 1940ನೆಯ ಇಸವಿಯಲ್ಲಿಯೇ ಮಹಾರಾಜರು ತೀರಿಕೊಂಡರು.

ವ್ಯಾಯಾಮದಿಂದ ರೋಗಗಳನ್ನು ಗುಣಪಡಿಸಬಹುದೆಂಬ ನಂಬಿಕೆ ಅಯ್ಯರ್ ಅವರಿಗೆ ಬಲವಾಗಿತ್ತು. ಆ ಕಾಲದ ಅಂಗಸಾಧಕರು ಈ ವಿಷಯದಲ್ಲಿ ಹೇಳಿದ್ದೆಲ್ಲವನ್ನೂ ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಆದರೆ ಹಾಸಿಗೆ ಹಿಡಿದವನಿಗೆ ವಿಶ್ರಾಂತಿಯೊಂದೇ ಮದ್ದಲ್ಲ, ಅಳತೆಯರಿತ ಚಲನೆಯೂ ಚಿಕಿತ್ಸೆಯೆಂಬ ಮೂಲ ವಿಚಾರ ನಿಂತಿದೆ. ಈಗ ಭೌತಚಿಕಿತ್ಸೆಯ ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ಓದುವುದು ಈ ವಿಚಾರವನ್ನೇ.

ಇಷ್ಟೇ ಆಗಿದ್ದರೆ ಅಯ್ಯರ್ ಅವರ ಹೆಸರು ಅಂಗಸಾಧಕರ ವಲಯದಲ್ಲಿ ಮಾತ್ರ ಉಳಿಯುತ್ತಿತ್ತು. ಅವರ ವ್ಯಾಯಾಮಶಾಲೆಯ ಬಾಗಿಲು ಸಾಹಿತ್ಯಕ್ಕೂ ತೆರೆದಿತ್ತು. ನಾಟಕಕಾರ ತ್ಯಾಗರಾಜ ಪರಮಶಿವ ಕೈಲಾಸಂ ಅವರ ಆಪ್ತ ಮಿತ್ರರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರಿ ನೌಕರಿಯನ್ನು ಬಿಟ್ಟು, ಮನೆಯನ್ನೂ ಮರೆತು ಅಲೆದ ಆ ಪ್ರತಿಭಾವಂತರಿಗೆ ಅಯ್ಯರ್ ಅವರ ವ್ಯಾಯಾಮಶಾಲೆ ಅಕ್ಕರೆಯ ತಾಣವಾಗಿತ್ತು. ಒಂದು ಕಡೆ ಭಾರ ಎತ್ತುವವರ ಉಸಿರು, ಇನ್ನೊಂದು ಕಡೆ ಕೈಲಾಸಂ ಅವರ ಮಾತಿನ ಮಳೆ. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅಯ್ಯರ್ ಅವರು ಗೆಳೆಯನ ನೆನಪುಗಳನ್ನು ಬರಹಕ್ಕಿಳಿಸಿದರು. ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡವನ್ನೂ ಕಟ್ಟಿದರು. ರಂಗದ ಮೇಲೆ ನಿಲ್ಲುವುದೂ ನಡೆಯುವುದೂ ಅಂಗವಿದ್ಯೆಯೇ ಅಲ್ಲವೆ!

ಅವರು ಬರೆದ ಕಾದಂಬರಿಗಳಲ್ಲಿ ‘ಶಾಂತಲಾ’ ಮತ್ತು ‘ರೂಪದರ್ಶಿ’ ಹೆಸರಾದುವು. ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ, ನಾಟ್ಯ ಸಂಗೀತಗಳಲ್ಲಿ ಪರಿಣತೆ, ಕೊನೆಗೆ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದವಳು ಶಾಂತಲೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರನ್ನು ನೋಡಿದವರಿಗೆ, ಸೊಂಟದ ಒಂದು ಬಾಗು, ಹಿಮ್ಮಡಿಯ ಒಂದು ಎತ್ತು ಇಡೀ ಮೈಯ ತೂಕವನ್ನು ಹೇಗೆ ಬದಲಿಸುತ್ತದೆಂಬುದು ಕಲ್ಲಿನಲ್ಲಿಯೂ ತಿಳಿಯುತ್ತದೆ. ‘ರೂಪದರ್ಶಿ’ಯಲ್ಲಿ ಬರುವವನು ಇಟಲಿಯ ಮೈಕೆಲೇಂಜಲೊ. ಬಾಲ ಯೇಸುವಿನ ಚಿತ್ರಕ್ಕೆ ಆರಿಸಿಕೊಂಡ ಮುಗ್ಧ ಮುಖವೇ, ವರ್ಷಗಳು ಕಳೆದ ಮೇಲೆ, ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗಿ ಎದುರು ನಿಲ್ಲುವ ದಾರುಣ ಕಥೆಯದು. ಇತಿಹಾಸದ ಮೈಕೆಲೇಂಜಲೊ ತಾರುಣ್ಯದಲ್ಲಿ ಶವಗಳನ್ನು ಸೀಳಿ ಸ್ನಾಯುಗಳ ಜೋಡಣೆಯನ್ನು ಅಭ್ಯಾಸ ಮಾಡಿದವನು. ದೇಹವನ್ನು ಬಲ್ಲ ಲೇಖಕರೊಬ್ಬರು ನರ್ತಕಿಯನ್ನೂ ಶಿಲ್ಪಿಯನ್ನೂ ಕಥಾವಸ್ತುವಾಗಿ ಆರಿಸಿಕೊಂಡದ್ದು ಆಕಸ್ಮಿಕವೆಂದು ತೋರುವುದಿಲ್ಲ. ಬದುಕು ಮನುಷ್ಯನ ಮೈಮೇಲೆ ಏನನ್ನು ಬರೆದುಹೋಗುತ್ತದೆಂಬುದನ್ನು ಅವರು ದಿನನಿತ್ಯ ನೋಡುತ್ತಿದ್ದವರು.

ಅಯ್ಯರ್ ಅವರು 1980ರಲ್ಲಿ ನಿಧನರಾದರು. ಅವರ ಕಾದಂಬರಿಗಳು ಗ್ರಂಥಾಲಯಗಳಲ್ಲಿ ಕನ್ನಡ ಸಾಹಿತ್ಯದ ಕಪಾಟಿನಲ್ಲಿ ಸಿಗುತ್ತವೆ. ವ್ಯಾಯಾಮದ ಇಂಗ್ಲಿಷ್ ಪುಸ್ತಕಗಳನ್ನು ಹುಡುಕುವವರು ಆರೋಗ್ಯಶಾಸ್ತ್ರದ ಬೇರೊಂದು ಕಪಾಟಿನ ಬಳಿಗೆ ಹೋಗಬೇಕು. ‘ಶಾಂತಲಾ’ ಓದಿ ಕಣ್ಣೀರಿಟ್ಟ ಎಷ್ಟೋ ಮಂದಿಗೆ ಅದನ್ನು ಬರೆದ ಕೈ ಡಂಬೆಲ್ಲು ಹಿಡಿದ ಕೈಯೆಂದು ತಿಳಿಯದು.